ಲಾಟರಿ ದುಡ್ಡು: ಕಾಫಿ ತೋಟವೋ, ಎಫ್‌ಡಿಯೋ?

ನಮ್ಮ ರಾಜ್ಯದಲ್ಲಿ 2007ರಿಂದ ಲಾಟರಿ ಇಲ್ಲ. ಆದರೂ ಕೇರಳಕ್ಕೆ ಹೋದವರು ಟಿಕೆಟ್ ಕೊಳ್ಳುತ್ತಾರೆ. ಕೋಟಿ ಹೊಡೆದರೂ ಏಜೆಂಟರ ಕಮಿಷನ್, 30% ತೆರಿಗೆ, ಅದರ ಮೇಲೆ ಸರ್ಚಾರ್ಜು, ಸೆಸ್ಸು ಕಳೆದು ಕೈಗೆ ಸಿಗುವುದು.

ಮೂಡಿಗೆರೆ, ಸಕಲೇಶಪುರದವರಾದರೆ ಮನಸ್ಸು ಸೀದಾ ತೋಟಕ್ಕೇ ಓಡುತ್ತದೆ, ಅಲ್ವಾ? ಹೊಸದಾಗಿ ಅರೇಬಿಕಾ ಕಾಫಿ ನೆಟ್ಟರೆ ಫಸಲಿಗೆ ಮೂರ್ನಾಲ್ಕು ವರ್ಷ ಬೇಕು. ಕಾಫಿ ಹೂ ಅರಳಿಸುವ ಮಾರ್ಚ್-ಏಪ್ರಿಲ್‌ನ ಹೂ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಓಡಿಸಬೇಕು. ಬಿಳಿ ಕಾಂಡಕೊರಕ ಹುಳು ಹೊಕ್ಕರೆ ಗಿಡವನ್ನೇ ಕಿತ್ತು ಸುಡಬೇಕು. ಹಣ್ಣು ಕೊಯ್ಲಿಗೆ ಆಳು ಸಿಗುವುದು ಇನ್ನೊಂದು ತಲೆನೋವು. ಆನೆ ಕಾಟ ಬೇರೆ.

ಎಫ್‌ಡಿಗೆ ಇಷ್ಟೆಲ್ಲ ರಗಳೆ ಇಲ್ಲ. ಆದರೆ ಬಡ್ಡಿಗೆ ತೆರಿಗೆ ಉಂಟು, ಬ್ಯಾಂಕು ಮುಳುಗಿದರೆ ಸಿಗುವ ವಿಮೆ ಒಂದು ಬ್ಯಾಂಕಿನಲ್ಲಿ 5 ಲಕ್ಷಕ್ಕಷ್ಟೇ. 'ಸುಮ್ನೆ ಬಿದ್ದಿದೆಯಲ್ಲ, ಮುರಿಸಿ ಕೊಡು' ಅನ್ನುವ ನೆಂಟರೂ ಜಾಸ್ತಿ!

ತೋಟದಲ್ಲೇ ಇದ್ದು ನೋಡಿಕೊಳ್ಳುವವರು ತೋಟ ಕೊಳ್ಳಿ. ಬೆಂಗಳೂರಲ್ಲಿ ಕೂತು ರೈಟರ್ (ತೋಟದ ಮೇಲ್ವಿಚಾರಕ) ಮೇಲೆ ಬಿಡುವವರಿಗೆ ಎಫ್‌ಡಿಯೇ ವಾಸಿ.