ಡಿಡಿ (ಕುಡಿದು ಗಾಡಿ ಓಡಿಸಿದ) ಕೇಸಿಗೆ ಹೋದ ವಕೀಲರ ಆಫೀಸು: 4 ಸ್ಟಾರ್

ನಂದು ತೊಗರಿ ಬೇಳೆ ಸಾಗಿಸುವ ಗೂಡ್ಸ್ ಗಾಡಿ. ರಾತ್ರಿ ಹೊತ್ತು ರಿಂಗ್ ರೋಡಿನಲ್ಲಿ ಪೊಲೀಸರು ನಮ್ಮ ಡ್ರೈವರ್‌ಗೆ ಊದಿಸಿದರು. ಮಿಷನ್ 78 ತೋರಿಸಿತು. ಮಿತಿ ಇರೋದು 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ಲೈಸೆನ್ಸ್ ಹೋಯಿತು, ಗಾಡಿ ಠಾಣೆ ಸೇರಿತು.

ಮೊದಲು ಸಿಕ್ಕ ಏಜೆಂಟ್ "ಲೈಸೆನ್ಸಿಗೆ ಏನೂ ಆಗಂಗಿಲ್ಲ, ನನಗ ಬಿಡ್ರಿ" ಅಂದ. ಅವನು ಕೇಳಿದ ದುಡ್ಡು ನೋಡಿ ಅಲ್ಲಿಂದ ಎದ್ದು ಬಂದೆ. ಆಮೇಲೆ ಗೊತ್ತಿದ್ದವರು ಕಲಬುರಗಿಯ ಜಗತ್ ಸರ್ಕಲ್ ಕಡೆಯ ಈ ವಕೀಲೆಯ ಹತ್ತಿರ ಕಳಿಸಿದರು. ಹೆಸರು ಹಾಕಿಲ್ಲ. ವಕೀಲರು ಜಾಹೀರಾತು ಮಾಡುವಂತಿಲ್ಲ, ಬರೀಬೇಡ್ರಿ ಅಂತ ಅವರೇ ಹೇಳಿದರು.

ಕೂತ ತಕ್ಷಣ ಊದಿಸಿದ ಚೀಟಿ ಕೇಳಿದರು. ಟೈಮ್, ಗಾಡಿ ನಂಬರ್, ಸಹಿ ಒಂದೊಂದೇ ಪೆನ್ನಿನ ತುದಿಯಿಂದ ನೋಡಿ, "ಈ ಕಾಗದದ ಮ್ಯಾಲಿನ ಅಕ್ಷರ ಅಳಿಸಿ ಹೋಗ್ತಾವ, ಈಗಲೇ ಝೆರಾಕ್ಸ್ ತಗೀರಿ ಕಾಕಾ" ಅಂದರು. ಬಂಧಿಸಿದ್ದರೆ ಎರಡು ಗಂಟೆಯೊಳಗೆ ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸಬೇಕಂತೆ, ಇಲ್ಲದಿದ್ದರೆ ಬಿಡಬೇಕಂತೆ. ಕೇಸ್ ಬಿದ್ದೇ ಹೋಯಿತು ಅಂತ ನಮ್ಮ ಡ್ರೈವರ್ ಹುಡುಗ ಖುಷಿಯಾದ. ಬಿಡೋದು ನಿನ್ನನ್ನ, ಕೇಸನ್ನಲ್ಲ ಅಂತ ಆಕೆ ಅಲ್ಲೇ ಹೇಳಿದರು.

ಇದು ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸುವ ಕೇಸಲ್ಲ, ಕೋರ್ಟಿಗೆ ಹೋಗಲೇಬೇಕು. ಮೊದಲ ಸಲ ಆದರೆ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಎರಡನೇ ಸಲ 15,000, ಜೈಲು 2 ವರ್ಷದವರೆಗೆ. ಲೈಸೆನ್ಸನ್ನು ಪೊಲೀಸರು ಆರ್‌ಟಿಒಗೆ ಕಳಿಸುತ್ತಾರೆ, ಅಲ್ಲಿ 3 ತಿಂಗಳು ಅಮಾನತು. ಕೋರ್ಟು ಶಿಕ್ಷೆ ಕೊಟ್ಟರೆ ಕನಿಷ್ಠ 6 ತಿಂಗಳು ಗಾಡಿ ಮುಟ್ಟುವಂತಿಲ್ಲ. ಅಷ್ಟರಲ್ಲಿ ಅವನ ಕೈಗೆ ನಾನು ಕೀಲಿ ಕೊಟ್ಟರೆ ನನ್ನ ಮೇಲೂ ಕೇಸಂತೆ! ಇದನ್ನು ಆ ಏಜೆಂಟ್ ಹೇಳಿರಲೇ ಇಲ್ಲ.

ಕೊನೆಗೆ ದಂಡ ಬಿತ್ತು, ಜೈಲು ತಪ್ಪಿತು, ಲೈಸೆನ್ಸ್ ಉಳಿಯಲಿಲ್ಲ. ಆಕೆ ಹೇಳಿದ್ದೂ ಅದೇ ಅಲ್ವಾ. ಆರ್‌ಸಿ, ಇನ್ಶೂರೆನ್ಸ್ ಸರಿ ಇದ್ದದ್ದರಿಂದ ಗಾಡಿ ಜಾಸ್ತಿ ತಡ ಇಲ್ಲದೆ ಬಂತು. ಹುಡುಗ ಈಗ ಮಿಲ್ಲಿನಲ್ಲಿ ಚೀಲ ಎತ್ತುತ್ತಾನೆ, ಸಂಬಳ ಕಮ್ಮಿ, ಮುಖ ಸಪ್ಪಗೆ.

ಒಂದು ಸ್ಟಾರ್ ಕಳೆದದ್ದು ಆಫೀಸಿನ ಗುಮಾಸ್ತನಿಂದ. ಝೆರಾಕ್ಸು, ಸ್ಟಾಂಪು ಅಂತ ಸುಮ್ನೆ ನೂರು ಇನ್ನೂರು ಕೇಳುತ್ತಾನೆ, ರಸೀದಿ ಕೊಡಲ್ಲ. ಮೇಡಂ ಮುಂದೆಯೇ ಕೇಳಿ, ಕೊಡುತ್ತಾನೆ.