ಫ್ಯಾನ್ ಕಿಟ್‌ಗೆ ಮೂರು ಸ್ಟಾರ್, ಡಬ್ಬದಲ್ಲಿದ್ದ ವೈರ್‌ಗೆ ಸೊನ್ನೆ

ಲಗ್ಗೆರೆಯಲ್ಲಿ ನಮ್ಮದೊಂದು ಸಣ್ಣ ಶಾಮಿಯಾನ ಅಂಗಡಿ. ಕುರ್ಚಿ, ಟೇಬಲ್, ಪಾತ್ರೆ, ಪೈಪು ಎಲ್ಲ ಹೊರುವುದು ಒಂದು ಹಳೇ ಡೀಸೆಲ್ ಪಿಕಪ್. 11 ವರ್ಷದ ಗಾಡಿ, ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ಹೋದ ಮದುವೆ ಸೀಸನ್ನಿನಲ್ಲಿ ಅದು ಎರಡು ಸಲ ಮಾನ ಕಳೆಯಿತು. ಒಂದು ಸಲ ಗೊರಗುಂಟೆಪಾಳ್ಯ ಸಿಗ್ನಲ್ಲಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಮುಟ್ಟಿತು. ಛತ್ರದವರು ಒಂದೇ ಸಮನೆ ಫೋನ್ ಮಾಡುತ್ತಿದ್ದಾರೆ, ನಾನು ಬಾನೆಟ್ ಎತ್ತಿಕೊಂಡು ನಿಂತಿದ್ದೇನೆ. ಇನ್ನೊಂದು ಸಲ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ, ಮಾರನಹಳ್ಳಿ ಆದಮೇಲೆ, ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗತೊಡಗಿತು. ಸುಟ್ಟ ವಾಸನೆ ಬೇರೆ. ಸೆಕೆಂಡ್ ಗೇರಿಗೆ ಇಳಿಸಿ, ಹೇಗೋ ಪಕ್ಕಕ್ಕೆ ತಂದು, ಅರ್ಧ ಗಂಟೆ ಸುಮ್ನೆ ಕೂತೆ. ಆರಿದ ಮೇಲೆ ಪೆಡಲ್ ವಾಪಸ್ ಬಂತು.

ವಾಪಸ್ ಬಂದಮೇಲೆ ಇಂಜಿನ್ ತಣ್ಣಗಿಡುವ ಫ್ಯಾನು, ಬ್ರೇಕು ಎರಡನ್ನೂ ನಾನೇ ಮಾಡೋಣ ಅಂತ ಹೊರಟೆ. ಜೆ.ಸಿ. ರಸ್ತೆಗೆ ಹೋಗಿ ಎಲ್ಲ ತಂದೆ. ಅಂಗಡಿ ಹೆಸರು ಬೇಡ, ಆ ರಸ್ತೆಯಲ್ಲಿ ಹತ್ತು ಹೆಜ್ಜೆಗೊಂದು ಸ್ಪೇರ್ಸ್ ಅಂಗಡಿ ಇದೆ, ಈ ಥರದ ಕಿಟ್ ಎಲ್ಲರ ಹತ್ತಿರವೂ ಇದೆ. ಅಂಗಡಿಯವನು ಮಾತುಗಾರ. "ಸಾರ್, ಈ ಫ್ಯಾನ್ ಹಾಕಿ, ಇಂಜಿನ್ ಏಸಿ ರೂಮಲ್ಲಿ ಕೂತಂಗೆ ಇರುತ್ತೆ" ಅಂದ. ಆಮೇಲೆ ತೂತು ಕೊರೆದ ಡಿಸ್ಕ್ ಒಂದು ಜೊತೆ ತೆಗೆದು, "ರೇಸಿಂಗ್ ಡಿಸ್ಕ್ ಸಾರ್" ಅಂತ ಕೌಂಟರ್ ಮೇಲೆ ಇಟ್ಟ. ಅಣ್ಣ, ನಾನು ರೇಸಿಗೆ ಹೋಗಲ್ಲ, ರಿಸೆಪ್ಷನ್ನಿಗೆ ಹೋಗ್ತೀನಿ, ಸಾದಾ ಡಿಸ್ಕ್ ಕೊಡು ಅಂದೆ. ಲೋಡ್ ಹೊರುವ ಗಾಡಿಗೆ ಆ ತೂತು ಬೇಡ. ಪದೇಪದೇ ಕಾದು ಆರುವಾಗ ಬಿರುಕು ಬಿಡುವುದು ಆ ತೂತಿನ ಅಂಚಿನಿಂದಲೇ.

ಮೊದಲು ಫ್ಯಾನ್ ವಿಷಯ. ನಮ್ಮ ಗಾಡಿಯಲ್ಲಿ ಇದ್ದದ್ದು ವಿಸ್ಕಸ್ ಕ್ಲಚ್ ಫ್ಯಾನ್. ಅದರೊಳಗೆ ಸಿಲಿಕೋನ್ ಆಯಿಲ್ ಇರುತ್ತದೆ, ಮುಂದೆ ಒಂದು ಸುರುಳಿ ಪಟ್ಟಿ ಇರುತ್ತದೆ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದರೆ ಆ ಪಟ್ಟಿ ತಿರುಗಿ, ಆಯಿಲ್ ಒಳಗೆ ಹರಿದು, ಫ್ಯಾನ್ ಇಂಜಿನ್ ಜೊತೆ ಗಟ್ಟಿಯಾಗಿ ಸುತ್ತುತ್ತದೆ. ನಮ್ಮದರಲ್ಲಿ ಆಯಿಲ್ ಸೋರಿಹೋಗಿತ್ತು. ಸುರುಳಿಯ ಸುತ್ತ ಧೂಳು ಮೆತ್ತಿಕೊಂಡು ಕಪ್ಪಗೆ ಅಂಟು. ಇಂಜಿನ್ ಆಫ್ ಇರುವಾಗ ಕೈಯಲ್ಲಿ ತಿರುಗಿಸಿದರೆ ಸ್ವಲ್ಪ ತಡೆ ಸಿಗಬೇಕು, ನಮ್ಮದು ಮಕ್ಕಳ ಗಿರಿಗಿಟ್ಟಲೆ ಹಾಗೆ ಸುತ್ತಿತು. ಅಲ್ಲಿಗೆ ರೋಗ ಗೊತ್ತಾಯಿತು. ಹೊಸ ಕ್ಲಚ್ 3,800 ರೂಪಾಯಿ ಅಂದ. ಎಲೆಕ್ಟ್ರಿಕ್ ಫ್ಯಾನ್ ಕಿಟ್ 5,200. ಎರಡು ಫ್ಯಾನು, ನೋಡೋಕೆ ಚೆನ್ನಾಗಿದೆ, ನಾನು ಮರುಳಾದೆ.

ಮನೆಗೆ ಬಂದು ಡಬ್ಬ ಬಿಚ್ಚಿದೆ. ಫ್ಯಾನ್ ನಿಜಕ್ಕೂ ಚೆನ್ನಾಗಿದೆ, ಸುಳ್ಳು ಹೇಳಬಾರದು. ಬೇರಿಂಗ್ ಸದ್ದಿಲ್ಲ, ರೆಕ್ಕೆ ಗಟ್ಟಿ. ಆದರೆ ವೈರ್! ನಾನು ಮದುವೆಮನೆಗೆ ಸೀರಿಯಲ್ ಸೆಟ್ ಎಳೆಯುವವನು, ವೈರ್ ಕೈಗೆ ಬಂದರೆ ತೂಕದಲ್ಲೇ ಗೊತ್ತಾಗುತ್ತದೆ. ಮೇಲೆ ದಪ್ಪ ಪ್ಲಾಸ್ಟಿಕ್, ಸುಲಿದು ನೋಡಿದರೆ ಒಳಗೆ ನಾಲ್ಕು ಎಳೆ ತಾಮ್ರ. ನಮ್ಮ ಎಲೆಕ್ಟ್ರಿಷಿಯನ್ ಹತ್ತಿರ ಕ್ಲ್ಯಾಂಪ್ ಮೀಟರ್ ಇಸಕೊಂಡು ಅಳೆದೆ. ಎರಡೂ ಫ್ಯಾನ್ ಓಡುವಾಗ 19 ಆಂಪಿಯರ್, ಶುರುವಾಗುವ ಕ್ಷಣದಲ್ಲಿ ಅದಕ್ಕಿಂತ ತುಂಬಾ ಜಾಸ್ತಿ. 60 ವಾಟಿನ ಹೆಡ್‌ಲೈಟ್ ಎರಡೂ ಸೇರಿ ಎಳೆಯುವುದೇ ಸುಮಾರು 10 ಆಂಪಿಯರ್, ಅದರ ಹತ್ತಿರ ಹತ್ತಿರ ಎರಡರಷ್ಟು ಇದು. ಐದೇ ನಿಮಿಷಕ್ಕೆ ಕಿಟ್‌ನ ವೈರ್ ಕೈಗೆ ಬೆಚ್ಚಗಾಯಿತು. ಬಾನೆಟ್ ಒಳಗೆ, ಡೀಸೆಲ್ ಪೈಪಿನ ಪಕ್ಕದಲ್ಲಿ ಇದನ್ನು ಎಳೆಯೋದಾ? ಅಲ್ಲೇ ಮೂಲೆಗೆ ಎಸೆದೆ.

4 ಚದರ ಮಿಲಿಮೀಟರ್ ತಾಮ್ರದ ವೈರ್, 40 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡುವ ಸ್ವಿಚ್ಚು), ಬ್ಯಾಟರಿಯ ಪಕ್ಕದಲ್ಲೇ 30 ಆಂಪಿಯರ್ ಫ್ಯೂಸ್ ಹಾಕಿದೆ. ಫ್ಯೂಸ್ ಬ್ಯಾಟರಿಯಿಂದ ದೂರ ಇಟ್ಟರೆ ನಡುವಿನ ವೈರಿಗೆ ಕಾವಲೇ ಇಲ್ಲ, ಇದನ್ನು ಜನ ಮರೆಯುತ್ತಾರೆ. ರಿಲೇಯ ಪಿನ್ನುಗಳಿಗೆ ನಂಬರ್ ಇರುತ್ತದೆ: 30ಕ್ಕೆ ಬ್ಯಾಟರಿ, 87ಕ್ಕೆ ಫ್ಯಾನ್, 85 ಮತ್ತು 86 ಸ್ವಿಚ್ಚಿನ ಕಡೆ.

ಕಿಟ್‌ನಲ್ಲಿ ಫ್ಯಾನ್ ಕೂರಿಸಲು ಪ್ಲಾಸ್ಟಿಕ್ ಟ್ಯಾಗ್ ಕೊಟ್ಟಿದ್ದಾರೆ, ರೇಡಿಯೇಟರ್ ಜಾಲರಿಯೊಳಗೇ ತೂರಿಸಿ ಕಟ್ಟುವಂಥದ್ದು. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ರಸ್ತೆಯ ಗುಂಡಿಗಳಲ್ಲಿ ಫ್ಯಾನ್ ಅಲ್ಲಾಡಿ ಅಲ್ಲಾಡಿ ಜಾಲರಿ ಸವೆದು ರೇಡಿಯೇಟರ್ ಸೋರುತ್ತದೆ. ನಾನು ಪೀಣ್ಯದ ಫ್ಯಾಬ್ರಿಕೇಶನ್‌ನವರ ಹತ್ತಿರ ಅಲ್ಯೂಮಿನಿಯಂ ಪಟ್ಟಿಯ ಫ್ರೇಮ್ ಮಾಡಿಸಿ, ರೇಡಿಯೇಟರಿನ ಬೋಲ್ಟಿಗೇ ಕೂರಿಸಿದೆ. ಸುತ್ತ ಗಾಳಿ ನುಸುಳದ ಹಾಗೆ ತಗಡು ಮುಚ್ಚಿಸಿದೆ. ಆ ಮುಚ್ಚಳ ಇಲ್ಲದಿದ್ದರೆ ಫ್ಯಾನ್ ತನ್ನ ಮುಂದಿನ ಎರಡು ವೃತ್ತವನ್ನು ಮಾತ್ರ ತಣ್ಣಗೆ ಮಾಡುತ್ತದೆ, ಮೂಲೆಗಳು ಹಾಗೇ ಕಾಯುತ್ತಿರುತ್ತವೆ.

ಸ್ವಿಚ್ ಆನ್ ಮಾಡಿದೆ. ಭರ್ರೋ ಅಂತ ಸದ್ದು, ಖುಷಿಯಾಯಿತು. ಅಂಗಡಿಯ ರಸೀದಿ ಪುಸ್ತಕದಿಂದ ಒಂದು ಹಾಳೆ ಹರಿದು ಮುಂದಿನ ಗ್ರಿಲ್ಲಿಗೆ ಹಿಡಿದೆ. ಹಾಳೆ ಗ್ರಿಲ್ಲಿಗೆ ಅಂಟಬೇಕು. ಅದು ಹಾರಿ ನನ್ನ ಮುಖಕ್ಕೆ ಬಂತು. ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿ ಫ್ಯಾನ್ ಉಲ್ಟಾ ಸುತ್ತಿಸಿದ್ದೆ. ಹೀಗೇ ಬಿಟ್ಟಿದ್ದರೆ ಓಡುವಾಗ ಮುಂದಿನಿಂದ ಬರುವ ಗಾಳಿಗೆ ಫ್ಯಾನೇ ಅಡ್ಡ ನಿಂತಿರುತ್ತಿತ್ತು.

ಆಟೋಮ್ಯಾಟಿಕ್ ಸ್ವಿಚ್ ಇನ್ನೊಂದು ಕಥೆ. ಕಿಟ್‌ನದು ಜಾಲರಿಗೆ ಚುಚ್ಚುವ ಕಡ್ಡಿ, ನಂಬಿಕೆ ಬರಲಿಲ್ಲ. 92 ಡಿಗ್ರಿಗೆ ಆನ್, 87ಕ್ಕೆ ಆಫ್ ಆಗುವ ತಿರುಪಿನ ಸ್ವಿಚ್ ತಂದು, ರೇಡಿಯೇಟರ್ ಹೋಸ್ ಕತ್ತರಿಸಿ, ನಡುವೆ ಅಡಾಪ್ಟರ್ ಹಾಕಿ ಕೂರಿಸಿದೆ. ಇಂಜಿನ್ ಕಾಯಿತು, ಥರ್ಮೋಸ್ಟಾಟ್ ತೆರೆಯಿತು, ಹೋಸ್ ಕೈ ಸುಡುವಷ್ಟಾಯಿತು, ಫ್ಯಾನ್ ಮಾತ್ರ ಅಲ್ಲಾಡಲಿಲ್ಲ. ಒಂದು ಗಂಟೆ ತಲೆ ಕೆರೆದುಕೊಂಡೆ. ಕೊನೆಗೆ ಹೊಳೆಯಿತು. ಒಂದೇ ವೈರಿನ ಸ್ವಿಚ್ಚಿಗೆ ಅರ್ಥ್, ಅಂದರೆ ಮೈನಸ್, ಸಿಗುವುದು ಅದರ ಮೈಯಿಂದ. ಅಡಾಪ್ಟರಿನ ಎರಡೂ ಕಡೆ ರಬ್ಬರ್ ಹೋಸ್. ಅರ್ಥ್ ಎಲ್ಲಿಂದ ಬರಬೇಕು ಪಾಪ? ಅಡಾಪ್ಟರಿನಿಂದ ಚಾಸಿಗೆ ಒಂದು ವೈರ್ ಎಳೆದೆ, ತಕ್ಷಣ ಫ್ಯಾನ್ ಎದ್ದಿತು. ಕಿಟ್ ಬಿಟ್ಟು ಈ ಎಕ್ಸ್‌ಟ್ರಾ ಸಾಮಾನಿಗೇ 2,900 ಖರ್ಚು.

ಇನ್ನು ಬ್ರೇಕ್. ಇಲ್ಲಿ ಹೊಸ ಸಾಮಾನು ಹಾಕುವ ಮೊದಲೇ ನಾಚಿಕೆಯಾಗುವಂಥ ಎರಡು ವಿಷಯ ಸಿಕ್ಕಿದವು. ಊರೊಳಗೆ ಪೆಡಲ್ ಕಲ್ಲಿನ ಹಾಗೆ ಇರುತ್ತಿತ್ತು, ಅದು ಗಾಡಿಯ ಗುಣ ಅಂದುಕೊಂಡಿದ್ದೆ. ಡೀಸೆಲ್ ಇಂಜಿನ್ನಿನಲ್ಲಿ ಪೆಟ್ರೋಲ್ ಗಾಡಿಯ ಹಾಗೆ ಬೂಸ್ಟರಿಗೆ (ಕಾಲಿನ ಒತ್ತಡವನ್ನು ಹೆಚ್ಚಿಸಿ ಕೊಡುವ ಭಾಗ) ಬೇಕಾದ ವ್ಯಾಕ್ಯೂಮ್ ತಾನಾಗಿ ಸಿಗುವುದಿಲ್ಲ, ಅದಕ್ಕೇ ಬೇರೆ ಪಂಪ್ ಇರುತ್ತದೆ, ನಮ್ಮದರಲ್ಲಿ ಆಲ್ಟರ್ನೇಟರ್ ಹಿಂದೆ. ಅಲ್ಲಿಂದ ಬರುವ ಹೋಸ್ ಬಗ್ಗಿಸಿ ನೋಡಿದರೆ ಬಿರುಕು. 90 ರೂಪಾಯಿ ಹೋಸು! ಹಾಕಿದ ಮೇಲೆ ಇಂಜಿನ್ ಆಫ್ ಮಾಡಿ ಪೆಡಲ್ ನಾಲ್ಕೈದು ಸಲ ತುಳಿದು, ಕಾಲು ಒತ್ತಿಟ್ಟುಕೊಂಡೇ ಸ್ಟಾರ್ಟ್ ಮಾಡಿದೆ. ಪೆಡಲ್ ಒಂದಿಷ್ಟು ಕೆಳಗೆ ಇಳಿಯಿತು. ಬೂಸ್ಟರ್ ಕೆಲಸ ಮಾಡುತ್ತಿದೆ ಅನ್ನೋಕೆ ಅದೇ ಗುರುತು.

ಎರಡನೆಯದು ಹಿಂದಿನ ಡ್ರಮ್. ಲೈನರ್ ಇನ್ನೂ ದಪ್ಪ ಇದೆ, ಆದರೆ ಲೈನರನ್ನು ಡ್ರಮ್ಮಿನ ಹತ್ತಿರ ಇಡುವ ಅಡ್ಜಸ್ಟರ್ ತುಕ್ಕು ಹಿಡಿದು ಕೂತುಬಿಟ್ಟಿದೆ. ಅಂದರೆ ಇಷ್ಟು ದಿನ ಹೆಚ್ಚುಕಡಿಮೆ ಮುಂದಿನ ಎರಡು ಚಕ್ರದಲ್ಲೇ ಗಾಡಿ ನಿಲ್ಲುತ್ತಿತ್ತು. ವೈರ್ ಬ್ರಷ್ ಹಾಕಿ ಉಜ್ಜಿ, ಸರಿ ಮಾಡಿ, ಡ್ರಮ್ ಸ್ವಲ್ಪವೇ ತಾಗುವಷ್ಟು ಬಿಗಿ ಮಾಡಿದೆ.

ಮುಂದಿನ ಡಿಸ್ಕ್ ಮೇಲೆಯೇ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೆತ್ತಿರುತ್ತಾರೆ. ವರ್ನಿಯರ್ ಹಿಡಿದೆ, ನಮ್ಮದು ಅದಕ್ಕಿಂತ ಕಡಿಮೆ. ಹೊಸ ಜೊತೆ 4,400, ರಾಣೆ ಕಂಪನಿಯ ಬ್ರೇಕ್ ಪ್ಯಾಡ್ 1,350. ಹೊಸ ಡಿಸ್ಕಿನ ಮೇಲೆ ತುಕ್ಕು ಹಿಡಿಯದಿರಲು ಎಣ್ಣೆ ಸವರಿರುತ್ತಾರೆ, ಅದನ್ನು ಬ್ರೇಕ್ ಕ್ಲೀನರಿನಲ್ಲಿ ಒರೆಸಲೇಬೇಕು. ಪ್ಯಾಡ್ ಹಿಡಿದಿರುವ ಕ್ಯಾಲಿಪರನ್ನು ಹೋಸಿನ ಮೇಲೆ ನೇತುಹಾಕದೆ ತಂತಿಯಲ್ಲಿ ಕಟ್ಟಿ. ಮತ್ತೆ ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಟ್ಟೇ ಕೆಲಸ ಮಾಡಿ.

ಬ್ಲೀಡಿಂಗ್‌ಗೆ, ಅಂದರೆ ಬ್ರೇಕ್ ಪೈಪಿನ ಹಳೇ ಫ್ಲೂಯಿಡ್ ಮತ್ತು ಗಾಳಿ ಹೊರಗೆ ತೆಗೆಯೋಕೆ, ಅಕ್ಕನ ಮಗನನ್ನು ಕೂರಿಸಿದೆ. ಪಾರದರ್ಶಕ ಪೈಪಿನ ಒಂದು ತುದಿ ನಿಪ್ಪಲ್ಲಿಗೆ, ಇನ್ನೊಂದು ತುದಿ ಹಳೇ ನೀರಿನ ಬಾಟಲಿಯೊಳಗಿನ ಫ್ಲೂಯಿಡ್‌ನಲ್ಲಿ ಮುಳುಗಿಸಿ, ದೂರದ ಹಿಂದಿನ ಎಡಚಕ್ರದಿಂದ ಶುರು. ನಾನು ಕೆಳಗಿನಿಂದ "ತುಳಿ... ಹಿಡ್ಕೋ... ಬಿಡು" ಅಂತ ಕೂಗುವುದು, ಅವನು ಮೇಲಿನಿಂದ "ಮಾವ, ಹೋಯ್ತು ಕೆಳಗೆ" ಅನ್ನುವುದು. ಮೊದಲು ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಕುಡಿಯುತ್ತದೆ. ಹೊಸ ಡಾಟ್ 3 ದರ್ಜೆಯ ಫ್ಲೂಯಿಡ್ ಕನಿಷ್ಠ 205 ಡಿಗ್ರಿವರೆಗೆ ಕುದಿಯದೆ ತಡೆಯಬೇಕು, ನೀರು ಸೇರಿದರೆ ಅದು 140ಕ್ಕೆ ಇಳಿಯುತ್ತದೆ. ಡಾಟ್ 4ಗೆ ಅದೇ ಲೆಕ್ಕ 230 ಮತ್ತು 155. ಶಿರಾಡಿಯಲ್ಲಿ ನನ್ನ ಪೆಡಲ್ ಸ್ಪಂಜಾದದ್ದು ಇದಕ್ಕೇ, ಫ್ಲೂಯಿಡ್ ಕುದ್ದು ಪೈಪಿನೊಳಗೆ ಆವಿಯಾಗಿತ್ತು. 480 ರೂಪಾಯಿಯ ಡಾಟ್ 4 ಒಂದು ಲೀಟರ್ ಪೂರ್ತಿ ಹಾಕಿದೆ. ಪೂರ್ತಿ ಯಾಕೆ ಅಂದರೆ ಮೂರನೇ ಚಕ್ರಕ್ಕೆ ಬರುವಷ್ಟರಲ್ಲಿ ಮೇಲಿನ ಡಬ್ಬಿ ಖಾಲಿಯಾಗಿ ಗಾಳಿ ಎಳೆದುಕೊಂಡಿತು. "ನೀನು ನೋಡ್ಕೊಂಡಿರಬೇಕಿತ್ತಲ್ಲೋ" ಅಂದರೆ, "ನೀವು ತುಳಿ ಅಂದ್ರಿ, ತುಳಿದೆ ಮಾವ" ಅಂದ. ಮತ್ತೆ ಮೊದಲಿನಿಂದ. ಮಧ್ಯಾಹ್ನದ ಊಟ ಸಂಜೆ ನಾಲ್ಕಕ್ಕೆ.

ಒಂದು ಕೆಲಸ ಮಾತ್ರ ನಾನು ಮುಟ್ಟಲಿಲ್ಲ. ಹಿಂದಿನ ಆಕ್ಸಲ್ ಹತ್ತಿರ ಒಂದು ಲೋಡ್ ವಾಲ್ವ್ ಇರುತ್ತದೆ, ಗಾಡಿಯ ಹಿಂಭಾಗ ಎಷ್ಟು ತಗ್ಗಿದೆ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಅಂತ ಅದು ತೀರ್ಮಾನಿಸುತ್ತದೆ. ಎರಡು ವರ್ಷದ ಹಿಂದೆ ನಾನು ಹಿಂದಿನ ಲೀಫ್ ಸ್ಪ್ರಿಂಗಿಗೆ ಒಂದು ಪ್ಲೇಟ್ ಜಾಸ್ತಿ ಹಾಕಿಸಿದ್ದೆ. ಗಾಡಿ ತಗ್ಗುವುದು ಕಡಿಮೆಯಾಯಿತು. ತುಂಬಿದ ಗಾಡಿಯನ್ನೂ ಆ ವಾಲ್ವ್ ಖಾಲಿ ಅಂದುಕೊಂಡು ಹಿಂದೆ ಬ್ರೇಕ್ ಕಮ್ಮಿ ಕೊಡುತ್ತಿತ್ತು! ಅದರ ಅಳತೆ ಸೆಟ್ ಮಾಡಿಸಲು ಮೆಕ್ಯಾನಿಕ್ ಹತ್ತಿರ ಹೋದೆ, ನನ್ನ ಉಳಿದ ಕೆಲಸವನ್ನೂ ಅವರಿಗೆ ತೋರಿಸಿಕೊಂಡು ಬಂದೆ.

ಪೀಣ್ಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮುಂದಿನ ಭಾನುವಾರ ಬೆಳಗ್ಗೆ 50 ಕಿ.ಮೀ. ವೇಗದಿಂದ 10ಕ್ಕೆ ಎಂಟ್ಹತ್ತು ಸಲ ನಿಧಾನವಾಗಿ ಬ್ರೇಕ್ ಹಿಡಿದು ಪ್ಯಾಡ್ ಕೂರಿಸಿದೆ. ಆಮೇಲೆ ಒಂದು ಮದುವೆಗೆ ಅದೇ ಶಿರಾಡಿ, ಅದೇ ಲೋಡ್. ಇಳಿಜಾರಿನಲ್ಲಿ ಸೆಕೆಂಡ್ ಗೇರು ಈಗಲೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಘಾಟಿಯ ಕೆಳಗಿನ ಗುಂಡ್ಯ ತಲುಪುವವರೆಗೂ ಪೆಡಲ್ ಮೊದಲು ಇದ್ದಲ್ಲೇ ಇತ್ತು. ಬ್ರೇಕಿಗೆ ಐದಕ್ಕೆ ಐದು.

ಫ್ಯಾನಿಗೆ ಮೂರು. ಊರೊಳಗೆ ಸೂಪರ್, ಗೊರಗುಂಟೆಪಾಳ್ಯದಲ್ಲಿ ಇಪ್ಪತ್ತು ನಿಮಿಷ ನಿಂತರೂ ಮುಳ್ಳು ಅರ್ಧ ದಾಟಲ್ಲ. ಆದರೆ ವಾಪಸ್ ಬರುವಾಗ ಲೋಡ್ ಹೊತ್ತು ಘಾಟಿ ಹತ್ತಿದಾಗ ಎರಡು ಫ್ಯಾನೂ ಒಂದು ಕ್ಷಣ ನಿಲ್ಲದೆ ಓಡಿದವು, ಮುಳ್ಳು ಮುಕ್ಕಾಲಿನ ಹತ್ತಿರ ಹೋಗಿ ಕೂತಿತು. ಘಾಟಿಯ ಮೇಲಿನ ದೋಣಿಗಲ್ ಬರುವವರೆಗೆ ನನ್ನ ಕಣ್ಣು ರಸ್ತೆಗಿಂತ ಮೀಟರಿನ ಮೇಲೇ ಜಾಸ್ತಿ. ಇಂಜಿನ್ ಜೋರಾಗಿ ಸುತ್ತುವಾಗ ಅದರ ಜೊತೆಗೇ ಸುತ್ತುವ ದೊಡ್ಡ ಕ್ಲಚ್ ಫ್ಯಾನ್ ಎಳೆಯುವಷ್ಟು ಗಾಳಿ ಈ ಜೋಡಿಗೆ ಎಳೆಯಲು ಆಗುತ್ತಿಲ್ಲ. ಬರೀ ಬೆಂಗಳೂರು ಒಳಗೆ ಓಡಿಸುವವರು ಧೈರ್ಯವಾಗಿ ತಗೊಳ್ಳಿ, ವೈರ್ ಮಾತ್ರ ನಿಮ್ಮದೇ ಹಾಕಿ. ವಾರವಾರ ಲೋಡ್ ಸಮೇತ ಘಾಟಿ ಹತ್ತುವವರು 3,800ರ ಕ್ಲಚ್ ಹಾಕಿಸಿ ಮುಗಿಸಿ. ನಾನು ಅದನ್ನು ಬಿಟ್ಟು 8,100 ಸುರಿದೆ.

ಹಳೇ ಫ್ಯಾನಿನ ರೆಕ್ಕೆ ಇನ್ನೂ ಎಸೆದಿಲ್ಲ, ಶಾಮಿಯಾನದ ಪೈಪುಗಳ ಹಿಂದೆ ಇಟ್ಟಿದ್ದೇನೆ. ಹೋದ ವಾರ ಜೆ.ಸಿ. ರಸ್ತೆ ಕಡೆ ಹೋಗಿದ್ದಾಗ ಅದೇ ಅಂಗಡಿಗೆ ಹೋಗಿ ಕ್ಲಚ್ ಬೆಲೆ ಮತ್ತೆ ಕೇಳಿದೆ. 4,100 ಆಗಿದೆಯಂತೆ.