ರೈಫಲ್ ಬೋಲ್ಟಿನ ಮೇಲಿನ ಅಚ್ಚು ಓದಲು ಯಾವುದು ಮೇಲು: ಬಳಪ, ಪೆನ್ಸಿಲ್, ಮೊಬೈಲ್, ಓರೆ ಬೆಳಕು

ಸೇನೆಯಲ್ಲಿ 17 ವರ್ಷ ಆರ್ಮರರ್, ಅಂದರೆ ಬಂದೂಕು ರಿಪೇರಿಯವ, ಆಗಿದ್ದೆ. ಈಗ ಬೆಳಗಾವಿ ಉದ್ಯಮಬಾಗದ ಒಂದು ಟೂಲ್ ರೂಮಿನಲ್ಲಿ ಕೆಲಸ. ಕಳೆದ ಮಳೆಗಾಲದಲ್ಲಿ ಒಂದು ಕಾಲೇಜಿನ ಎನ್‌ಸಿಸಿಯವರು ತಮ್ಮ .303 ಲೀ-ಎನ್‌ಫೀಲ್ಡ್ ಡ್ರಿಲ್ ರೈಫಲ್‌ಗಳ ಪಟ್ಟಿ ಮಾಡಿಕೊಡಿ ಎಂದು ಕರೆದರು. ಹೆಚ್ಚಿನವು ನಂ. 1 ಮಾರ್ಕ್ 3, ಕೆಲವು ನಂ. 4. ಎಲ್ಲದರ ಮೇಲೂ ಡಿಪಿ ಎಂಬ ಅಚ್ಚು, ಅಂದರೆ ಕವಾಯತಿಗೆ ಮಾತ್ರ, ಗುಂಡು ಹಾರಿಸಲು ಅಲ್ಲ.

ರೈಫಲ್ ಎಲ್ಲಿ ತಯಾರಾಯಿತು ಎಂಬುದು ಬಾಡಿ ಮೇಲಿನ ಅಚ್ಚಿನಿಂದ ಗೊತ್ತಾಗುತ್ತದೆ. ಸ್ವಾತಂತ್ರ್ಯದ ನಂತರ ಪಶ್ಚಿಮ ಬಂಗಾಳದ ಇಷಾಪುರದಲ್ಲಿ ಆದದ್ದಾದರೆ ಆರ್‌ಎಫ್‌ಐ (ರೈಫಲ್ ಫ್ಯಾಕ್ಟರಿ ಇಷಾಪುರ) ಎಂದು ವರ್ಷದ ಜತೆ ಇರುತ್ತದೆ. ಗುಂಡು ತುಂಬಲು ಹಿಡಿಕೆ ಹಿಡಿದು ಹಿಂದೆಮುಂದೆ ಎಳೆಯುವ ಬೋಲ್ಟಿನ ಮಾತು ಬೇರೆ. ರಿಪೇರಿಯಲ್ಲಿ ಬೋಲ್ಟ್ ಬದಲಾಗಿರುವುದುಂಟು. ಆಗ ಹಿಡಿಕೆಯ ಬುಡದಲ್ಲಿರುವ ಹಳೆ ನಂಬರಿಗೆ ಅಡ್ಡಗೆರೆ ಹೊಡೆದು ಪಕ್ಕದಲ್ಲಿ ಹೊಸ ನಂಬರ್ ಪಂಚ್ ಮಾಡಿರುತ್ತಾರೆ. ನಂ. 4ರ ಬೋಲ್ಟುಗಳಲ್ಲಿ ಎಲ್ ಮತ್ತು ಬಿ ಕೂಡಿಸಿದ್ದು ಕೆನಡಾದ ಲಾಂಗ್ ಬ್ರಾಂಚ್, ಮೂಲೆ ಮೊನಚಾದ ಚೌಕದಂಥ ಎಸ್ ಅಮೆರಿಕದ ಸ್ಯಾವೇಜ್, ಎಫ್ ಎಂದರೆ ಇಂಗ್ಲೆಂಡಿನ ಫಜಾಕರ್ಲಿ. ಅಕ್ಷರಗಳು ಸಣ್ಣವು, ತೀಡಿ ಸವೆದವು. ಓದುವ ವಿಧಾನ ತಪ್ಪಿದರೆ ಕಾರ್ಖಾನೆಯೇ ತಪ್ಪುತ್ತದೆ.

ಮೊದಲು ಬಳಪ. ಅಚ್ಚಿನ ಮೇಲೆ ತಿಕ್ಕಿ ಹೆಬ್ಬೆರಳಿನಿಂದ ಒರೆಸಿದರೆ ಗುಳಿಯಲ್ಲಿ ಬಿಳಿ ಉಳಿಯುತ್ತದೆ. ಆಳವಾದ ನಂಬರಿಗೆ ಇದಕ್ಕಿಂತ ವೇಗದ ದಾರಿ ಇಲ್ಲ. ಆದರೆ ಸವೆದ ಅಚ್ಚಿನಲ್ಲಿ ಅದು ನಿಲ್ಲುವುದಿಲ್ಲ, ಮೇಲಾಗಿ ತಯಾರಿಯಲ್ಲಿ ಕಟರ್ ಬಿಟ್ಟ ಮಿಲ್ಲಿಂಗ್ ಗೆರೆಗಳಲ್ಲೂ ಹೊಕ್ಕು ಎರಡನ್ನೂ ಒಂದೇ ಮಾಡಿಬಿಡುತ್ತದೆ. ನಮ್ಮೂರಿನ ಆಷಾಢದ ತೇವದಲ್ಲಿ ಬಳಪದ ಪುಡಿ ಹಾಗೇ ಉಳಿದರೆ ಕೆಳಗೆ ತುಕ್ಕು ಹಿಡಿಯುತ್ತದೆ. ಬಳಸಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಒರೆಸಲೇಬೇಕು.

ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕುವುದು ಚಪ್ಪಟೆ ಜಾಗಕ್ಕೆ ಸರಿ. ದುಂಡನೆಯ ಬೋಲ್ಟಿನ ಮೇಲೆ ಕಾಗದ ಸರಿಯುತ್ತದೆ. ಎರಡು ಸಲ ಮಾಡಿ ಬಿಟ್ಟೆ.

ಮೊಬೈಲಿನ ಹತ್ತಿರದ ಫೋಟೊ ಎಲ್ಲರಿಗೂ ಇಷ್ಟ. ನನಗೂ ಬಹಳ ಅನುಕೂಲ ಅನಿಸಿತ್ತು. ಒಂದು ಬೋಲ್ಟಿನ ಹಿಡಿಕೆಯ ಬುಡದಲ್ಲಿ ಫೋಟೊದಲ್ಲಿ ಇ ಎಂದು ಸ್ಪಷ್ಟವಾಗಿ ಕಾಣಿಸಿತು. ಬೋಲ್ಟ್ ಎತ್ತಿ ಕಿಟಕಿ ಬಳಿ ನೋಡಿದರೆ ಅದು ಎಫ್. ಕಟರ್ ಬಿಟ್ಟ ಒಂದು ಗೆರೆ ಅಕ್ಷರದ ಕಾಲಿನ ಕೆಳಗೆ ಸರಿಯಾಗಿ ಹಾದಿತ್ತು. ಕ್ಯಾಮೆರಾ ನೆರಳುಗಳನ್ನು ಸಮ ಮಾಡಿ, ಅಂಚುಗಳನ್ನು ಚೂಪು ಮಾಡಿ, ಆ ಗೆರೆಯನ್ನೂ ಅಕ್ಷರದ ಭಾಗವಾಗಿ ತೋರಿಸಿತ್ತು. ದಾಖಲೆಗೆ ಫೋಟೊ ಬೇಕು, ಓದುವುದಕ್ಕೆ ಮಾತ್ರ ಅದನ್ನು ನಂಬಲಾರೆ.

ಓರೆ ಬೆಳಕೇ ನನ್ನ ಆಯ್ಕೆ. ಕೋಣೆ ಮಬ್ಬು ಮಾಡಿ, ಸಣ್ಣ ಟಾರ್ಚನ್ನು ಲೋಹಕ್ಕೆ ತಾಗುವಷ್ಟು ಮಲಗಿಸಿ ಹಿಡಿದು, ಬೋಲ್ಟನ್ನು ನಿಧಾನವಾಗಿ ತಿರುಗಿಸುತ್ತ ಹೋಗಬೇಕು. ಪಂಚಿನ ಪೆಟ್ಟು ಬಿದ್ದ ಅಕ್ಷರಕ್ಕೆ ಗೋಡೆ ಇರುತ್ತದೆ, ಬೆಳಕು ಯಾವ ಕಡೆಯಿಂದ ಬಂದರೂ ನೆರಳು ಚೆಲ್ಲುತ್ತದೆ. ಕಟರಿನ ಗೆರೆ ಆಳವಿಲ್ಲದ್ದು. ಬೆಳಕು ಅದರ ಉದ್ದಕ್ಕೇ ಬಿದ್ದಾಗ ಮಾಯವಾಗುತ್ತದೆ. ಆ ಎಫ್‌ನ ಕೆಳಗಿನ ಗೆರೆ ಹೀಗೇ ಮಾಯವಾಯಿತು.

ಇದರ ಜತೆ ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸುವ ಗಾಜು ಇದ್ದರೆ ಇನ್ನೊಂದು ವಿಷಯ ಸಿಗುತ್ತದೆ: ಯಾವುದು ಮೊದಲು, ಯಾವುದು ಆಮೇಲೆ. ಪಂಚ್ ಹೊಡೆದಾಗ ಅಕ್ಷರದ ಸುತ್ತ ಲೋಹ ಕೂದಲೆಳೆಯಷ್ಟು ಉಬ್ಬುತ್ತದೆ. ಉಬ್ಬು ಇನ್ನೂ ಇದ್ದು ಗ್ರೈಂಡಿಂಗ್ ಗೆರೆ ಅಕ್ಷರದ ಅಂಚಿನಲ್ಲಿ ಮುರಿದಿದ್ದರೆ ಅಚ್ಚು ಆಮೇಲಿನದು. ಉಬ್ಬು ಸಪಾಟಾಗಿ ಗೆರೆಗಳು ಅಂಚಿನವರೆಗೆ ಕೊಯ್ದಂತೆ ಬಂದಿದ್ದರೆ ಅಚ್ಚು ಮೊದಲಿನದು. ಲೇತಿನ ಗುರುತು ಬೋಲ್ಟಿನ ಸುತ್ತ ಉಂಗುರ, ಮಿಲ್ಲಿಂಗಿನದು ಒಂದೇ ಅಂತರದ ಸಾಲು, ಕಾನಸಿನದು (ಕೈಯಲ್ಲಿ ಉಜ್ಜುವ ಅರ) ಅಂಚಿನ ಕಡೆ ಓರೆಯಾಗಿ, ಏರುಪೇರಾಗಿ. ಕಾನಸಿನ ಗೆರೆ ನಂಬರಿನ ಕೆಳಗೆ ಕಂಡರೆ ಹಳೆ ನಂಬರ್ ಉಜ್ಜಿ ಹೊಸದು ಹಾಕಿದ್ದಾರೆಯೇ ಎಂದು ನಾನು ಎರಡನೇ ಸಲ ನೋಡುತ್ತೇನೆ. ಯುದ್ಧಕಾಲದ ನಂ. 4 ಬೋಲ್ಟುಗಳಲ್ಲಿ ಕಟರಿನ ಗೆರೆ ಎದ್ದು ಕಾಣುತ್ತದೆ. ಕೆಲಸಕ್ಕೆ ಅಡ್ಡಿಯಾಗದ ಕಡೆ ನಯ ಮಾಡುವ ಶ್ರಮ ಬಿಟ್ಟಿದ್ದರು. ಅದು ದೋಷವಲ್ಲ, ಅದನ್ನು ಉಜ್ಜಿ ತೆಗೆಯಬಾರದು.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಆ ಎನ್‌ಸಿಸಿ ರೈಫಲ್‌ಗಳಲ್ಲಿ ಒಂದರ ಬೋಲ್ಟನ್ನು ಯಾರೋ ಊರಿನ ಒಂದು ವರ್ಕ್‌ಶಾಪಿನಲ್ಲಿ ಬಫಿಂಗ್ ಚಕ್ರಕ್ಕೆ ಹಿಡಿದು ಹೊಳೆಯುವಂತೆ ಮಾಡಿಸಿದ್ದರು. ನಾಲ್ಕು ಕಡೆಯಿಂದ ಬೆಳಕು ಹಾಕಿದೆ, ಬಳಪ ತಿಕ್ಕಿದೆ, ಗಾಜಿಟ್ಟು ಅರ್ಧ ಗಂಟೆ ಕೂತೆ. ಕೊನೆಗೆ ಸಿಕ್ಕಿದ್ದು ನಂಬರಿನ ಕೊನೆಯ 7 ಮಾತ್ರ. ಉಳಿದ ಬೋಲ್ಟುಗಳಿಗೆಲ್ಲ ಕಾರ್ಖಾನೆಯ ಹೆಸರು ಬರೆದೆ. ಇದರ ಮುಂದೆ ರಜಿಸ್ಟರಿನಲ್ಲಿ "ಓದಲಾಗದು" ಎಂದು ಬರೆದು ಸಹಿ ಹಾಕಬೇಕಾಯಿತು.